ಮುರಿದಿದ್ದು ನಮ್ಮ ಮೂಳೆ, ಫೈಲು ಮಾತ್ರ ಅವರದ್ದಂತೆ!

ಅಪಘಾತ ಪರಿಹಾರದ ಕೇಸು ಅಂದ ತಕ್ಷಣ ನಮ್ಮ ತಲೆಗೆ ಬರೋದು ಸಿನಿಮಾ ಕೋರ್ಟು. ಮೇಜು ಗುದ್ದೋ ಲಾಯರ್, ಕಟಕಟೆಯಲ್ಲಿ ಅಳೋ ಸಾಕ್ಷಿ. ಒಂದ್ಸಲ ಬೆಂಗಳೂರಿನ ಮೇಯೋ ಹಾಲ್ ಕಡೆ ಹೋಗಿ ನೋಡಿ. ಅಲ್ಲಿನ ಲಘು ವ್ಯವಹಾರಗಳ ನ್ಯಾಯಾಲಯಗಳೇ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳೂ ಹೌದು. ಅಲ್ಲಿ ಯಾರೂ ಮೇಜು ಗುದ್ದಲ್ಲ, ಕಾಗದ ತಿರುವುತ್ತಾರೆ. ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮರಿ, ಕೇಸ್ ಶೀಟ್, ಎಕ್ಸ್‌ರೇ, ಬಿಲ್ಲು. ಕಾಲು ಕಳಕೊಂಡವನ ಮುಂದಿನ ಮೂವತ್ತು ವರ್ಷದ ಬದುಕು ಆ ಕಾಗದಗಳ ಮೇಲೆ ನಿಂತಿರುತ್ತೆ. ಆ ಕಾಗದ ಬರೆದವರು ಯಾರು, ಯಾವ ಹೊತ್ತಲ್ಲಿ ಬರೆದರು, ಯಾರ ಮಾತು ಕೇಳಿ ಬರೆದರು? ನನ್ನ ತಕರಾರು ಇರೋದೇ ಇಲ್ಲಿ.

ರಾತ್ರಿ ಹನ್ನೊಂದಕ್ಕೆ ಕ್ಯಾಶುವಾಲಿಟಿಗೆ ಒಬ್ಬನನ್ನು ಹೊತ್ತು ತರ್ತಾರೆ. ಅವನಿಗೆ ಅರೆಪ್ರಜ್ಞೆ. ಡ್ಯೂಟಿ ಡಾಕ್ಟರ್ ಇನ್ನೂ ಎಳೆ ಹುಡುಗ, ಬೆಳಗಿಂದ ನಿಂತೇ ಇದ್ದಾನೆ. 'ಏನಾಯ್ತು?' ಅಂತ ಕೇಳ್ತಾನೆ. ಉತ್ತರ ಕೊಡೋದು ಗಾಯಾಳು ಅಲ್ಲ, ಕರ್ಕೊಂಡು ಬಂದವರು. ಎಷ್ಟೋ ಸಲ ಕರ್ಕೊಂಡು ಬಂದವನೇ ಗುದ್ದಿದವನೂ ಆಗಿರ್ತಾನೆ! 'ಗಾಡಿ ಸ್ಕಿಡ್ ಆಗಿ ಬಿದ್ದ ಸಾರ್' ಅಂತಾನೆ. ಡಾಕ್ಟರ್ 'ಹಿಸ್ಟರಿ ಆಫ್ ಸೆಲ್ಫ್ ಫಾಲ್' ಅಂತ ಗೀಚುತ್ತಾನೆ. ಮುಗೀತು. ಎರಡು ವರ್ಷ ಆದಮೇಲೆ ವಿಮಾ ಕಂಪನಿಯ ವಕೀಲರು ಆ ಸಾಲಿನ ಮೇಲೆ ಬೆರಳಿಟ್ಟು, 'ಇವರು ತಾವೇ ಬಿದ್ದಿದ್ದು, ನಮ್ಮ ವಾಹನವನ್ನು ಆಮೇಲೆ ತಂದು ಸೇರಿಸಿದ್ದಾರೆ' ಅಂತಾರೆ. ತಾನೇ ಬಿದ್ದವನಿಗೆ ಎದುರುಗಡೆ ಗಾಡಿಯ ವಿಮೆಯಿಂದ ಒಂದು ಪೈಸೆ ಬರಲ್ಲ.

ನಮ್ಮದು ತಿಪಟೂರು ಕಡೆ. ನಮ್ಮ ತೋಟದಲ್ಲಿ ಕಾಯಿ ಇಳಿಸುತ್ತಿದ್ದವರಿಗೆ ಹೀಗೇ ಆಯ್ತು. ಕಾರಿನವನು ತಾನೇ ಆಸ್ಪತ್ರೆಗೆ ಸೇರಿಸಿದ, ಮೊದಲ ಬಿಲ್ಲೂ ಕಟ್ಟಿದ. 'ಕೇಸು ಗೀಸು ಬೇಡ ಅಣ್ಣ, ಖರ್ಚೆಲ್ಲ ನಾನು ನೋಡ್ಕೋತೀನಿ' ಅಂದ. ಆಸ್ಪತ್ರೆಯವರಿಗೂ ಅದೇ ಬೇಕಿತ್ತು. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಅಂತ ದಾಖಲಾದರೆ ಮುಂದೆ ಕೋರ್ಟಿಗೆ ಅಲೆಯಬೇಕಲ್ಲ! ನಾಲ್ಕನೇ ದಿನ ಕಾರಿನವನ ಫೋನು ಸ್ವಿಚ್ ಆಫ್. ಹನ್ನೆರಡನೇ ದಿನ ಇವರು ಸ್ಟೇಷನ್ ಮೆಟ್ಟಿಲು ಹತ್ತಿದರು, ಕುಂಟಿಕೊಂಡು. ದೂರು ತಡವಾಯಿತು ಅನ್ನೋದೊಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಅಂತ ಸುಪ್ರೀಂ ಕೋರ್ಟ್ 2011ರ ರವಿ ವಿರುದ್ಧ ಬದ್ರಿನಾರಾಯಣ್ ತೀರ್ಪಿನಲ್ಲೇ ಹೇಳಿದೆ. ಹಳ್ಳಿಯ ಬಡವರು ಮೊದಲು ಜೀವ ಉಳಿಸಿಕೊಳ್ಳೋಕೆ ಓಡ್ತಾರೆ, ಸ್ಟೇಷನ್ ಆಮೇಲೆ. ಇಷ್ಟು ಕೋರ್ಟಿಗೂ ಅರ್ಥವಾಗುತ್ತೆ. ಆದರೆ ತಡವಾದ ದೂರಿನ ಜೊತೆಗೆ 'ಸೆಲ್ಫ್ ಫಾಲ್' ಅನ್ನೋ ಆ ಸಾಲೂ ಸೇರಿಕೊಂಡರೆ? ಆಗ ತಾನು ಸುಳ್ಳುಗಾರನಲ್ಲ ಅಂತ ಸಾಬೀತು ಮಾಡುವ ಕೆಲಸ ಗಾಯಾಳುವಿನ ಹೆಗಲಿಗೇ ಬೀಳುತ್ತೆ.

ಸರಿ, ಪೂರ್ತಿ ಕೇಸ್ ಶೀಟ್ ಸಿಕ್ಕರೆ ನರ್ಸುಗಳ ಟಿಪ್ಪಣಿಯಲ್ಲಾದರೂ ನಿಜ ಇರಬಹುದು ಅಂತ ನಾವು ರೆಕಾರ್ಡ್ಸ್ ವಿಭಾಗಕ್ಕೆ ಹೋದೆವು. 'ಕೋರ್ಟ್ ಸಮನ್ಸ್ ತನ್ನಿ, ಪೇಷೆಂಟ್‌ಗೆಲ್ಲ ಕೊಡಲ್ಲ' ಅಂದರು. ಪೇಷೆಂಟ್‌ಗೆ ಕೊಡಲ್ವಂತೆ! ಅವರದೇ ದೇಹ, ಅವರದೇ ಮೂಳೆ, ದುಡ್ಡು ಕಟ್ಟಿದ್ದೂ ಅವರೇ. ವೈದ್ಯರ ನಡತೆಗೆ ಸಂಬಂಧಿಸಿದ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಇದನ್ನು ಸ್ಪಷ್ಟವಾಗಿ ಹೇಳುತ್ತೆ: ರೋಗಿಯೋ, ಅವರು ಅಧಿಕಾರ ಕೊಟ್ಟವರೋ ದಾಖಲೆ ಕೇಳಿದರೆ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ಒದಗಿಸಬೇಕು. 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ಬಂತು, ಅದೇ ತಿಂಗಳು ಅದನ್ನು ತಡೆಹಿಡಿದರು. ಹಾಗಾಗಿ ಹಳೆಯದೇ ಜಾರಿಯಲ್ಲಿದೆ. ಅದೇ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಿ ಅಂತ ಹೇಳುತ್ತೆ. ಅಪೀಲಿಗೆ ಹೋದ ಕೇಸು ಮೂರು ವರ್ಷಕ್ಕೆ ಮುಗಿಯುತ್ತಾ? ನೀವೇ ಹೇಳಿ.

ನಾನು ಕೋಡ್ ಬರೆದು ಬದುಕೋನು. ನಮ್ಮಲ್ಲಿ ಒಂದು ಬಟನ್ನಿನ ಬಣ್ಣ ಬದಲಾದರೂ ಯಾರು, ಯಾವಾಗ, ಯಾಕೆ ಬದಲಾಯಿಸಿದರು ಅನ್ನೋದಕ್ಕೆ ಲಾಗ್ ಇರುತ್ತೆ. ಹಳೆಯದನ್ನು ಯಾರೂ ಅಳಿಸೋಕಾಗಲ್ಲ, ಹೊಸ ಸಾಲು ಸೇರಿಸಬಹುದು ಅಷ್ಟೇ. ಕಾಲಿನ ಮೂಳೆಗೆ ಮಾತ್ರ ಆ ಮರ್ಯಾದೆ ಇಲ್ಲ. 'ಸೆಲ್ಫ್ ಫಾಲ್' ಅಂತ ಹೇಳಿದ್ದು ಯಾರು ಅಂತ ಅರ್ಧ ಸಾಲು ಬರೆದಿದ್ದರೆ ಸಾಕಿತ್ತು. 'ಕರೆತಂದವರು ಹೇಳಿದಂತೆ, ಗಾಯಾಳು ಮಾತಾಡುವ ಸ್ಥಿತಿಯಲ್ಲಿಲ್ಲ'. ಬೆಳಗ್ಗೆ ಪ್ರಜ್ಞೆ ಬಂದಮೇಲೆ ಗಾಯಾಳು ಹೇಳಿದ್ದನ್ನು ಕೆಳಗೆ ಬರೆದು ದಿನಾಂಕ, ವೇಳೆ ಹಾಕಿದರಾಯ್ತು. ಇದಕ್ಕೆ ಯಾವ ಎಐ ಬೇಕು, ಯಾವ ಆ್ಯಪ್ ಬೇಕು? ಒಂದು ಬಾಲ್ ಪೆನ್ ಸಾಕು.

ಇನ್ನು ಅಂಗವೈಕಲ್ಯದ ಪರ್ಸೆಂಟೇಜ್ ಲೆಕ್ಕ. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತೆ. ಡಾಕ್ಟರ್ 'ಎಡಗಾಲಿಗೆ ಶೇ. 30' ಅಂತ ಬರೀತಾರೆ. ನಮ್ಮ ರಾಜ್ಯದ ನ್ಯಾಯಮಂಡಳಿಗಳಲ್ಲಿ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ವೈಕಲ್ಯ ಅಂತ ಹಿಡೀತಾರೆ. ಅಂದರೆ ಶೇ. 10. ಮೂವತ್ತೆಂಟು ವರ್ಷದವನು, ತಿಂಗಳಿಗೆ 15,000 ದುಡಿಮೆ ಅಂತಿಟ್ಟುಕೊಳ್ಳಿ. ಸರಳಾ ವರ್ಮಾ ತೀರ್ಪಿನ ಪ್ರಕಾರ ಆ ವಯಸ್ಸಿಗೆ ಗುಣಕ 15. ವರ್ಷಕ್ಕೆ 1,80,000, ಗುಣಿಸು 15, ಅದರಲ್ಲಿ ಶೇ. 10: ಒಟ್ಟು 2,70,000 ರೂಪಾಯಿ. ಆದರೆ ಆತ ತೆಂಗಿನ ಮರ ಹತ್ತುವವನು! ಹಿಮ್ಮಡಿ ಮಡಚಲಾಗದವನು ಮರ ಹತ್ತೋದರಲ್ಲಿ ಶೇ. 90 ಉಳಿಸಿಕೊಂಡಿದ್ದಾನೆ ಅಂತ ಹೇಳೋಕೆ ನಾಲಿಗೆಯಾದರೂ ಹೇಗೆ ಬರುತ್ತೆ? ಗಳಿಕೆ ಪೂರ್ತಿ ಹೋಯಿತು ಅಂತ ಒಪ್ಪಿದರೆ ಅದೇ ಲೆಕ್ಕ 27 ಲಕ್ಷ.

ಕಾನೂನು ಇದನ್ನು ಕಂಡಿಲ್ಲ ಅಂತಲ್ಲ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಅಂಗದ ವೈಕಲ್ಯ ಬೇರೆ, ಗಳಿಸುವ ಶಕ್ತಿಯ ನಷ್ಟ ಬೇರೆ. ಎಡಗೈ ಕಳಕೊಂಡ ಬಡಗಿಗೋ ಡ್ರೈವರಿಗೋ ಹೆಚ್ಚುಕಡಿಮೆ ಪೂರ್ತಿ ದುಡಿಮೆಯೇ ಹೋಗಬಹುದು, ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಚಿಕಿತ್ಸೆ ಕೊಡದ ಡಾಕ್ಟರುಗಳ ಸಿದ್ಧ ಸರ್ಟಿಫಿಕೇಟಿನ ಬಗ್ಗೆ ಎಚ್ಚರ ಇರಲಿ ಅಂತಲೂ ಆ ತೀರ್ಪಿನಲ್ಲಿದೆ. ಸರಿಯಾದ ಮಾತೇ. ಆದರೆ ಆಪರೇಷನ್ ಮಾಡಿದ ಡಾಕ್ಟರು ಕೋರ್ಟಿಗೆ ಬರಲ್ಲ. ಅವರನ್ನು ಕಾಯಿಸಬೇಡಿ, ಸಮಯ ನಿಗದಿ ಮಾಡಿ ಕರೆಯಿರಿ, ಆಗದಿದ್ದರೆ ಕಮಿಷನರ್ ಮೂಲಕ ಸಾಕ್ಷ್ಯ ಪಡೆಯಿರಿ ಅಂತ ಅದೇ ತೀರ್ಪು ದಾರಿ ತೋರಿಸಿದೆ. ಆದರೂ ಬರಲ್ಲ. ಆಗ ಗಾಯಾಳು ಸಿಕ್ಕವರ ಹತ್ತಿರ ಸರ್ಟಿಫಿಕೇಟ್ ಮಾಡಿಸ್ತಾನೆ. 'ನೀವು ಇವರಿಗೆ ಚಿಕಿತ್ಸೆ ಕೊಟ್ಟಿದ್ದೀರಾ?' ಅಂತ ಪಾಟೀಸವಾಲು. 'ಇಲ್ಲ'. ಪರ್ಸೆಂಟೇಜ್ ಇನ್ನೂ ಇಳೀತು.

ನಕಲಿ ಕ್ಲೇಮುಗಳಿಲ್ಲವಾ ಅಂತ ಕೇಳ್ತೀರಿ. ಇವೆ. ಉತ್ತರ ಪ್ರದೇಶದಲ್ಲಿ ಅವುಗಳ ತನಿಖೆಗೆ ಅಂತಲೇ ಎಸ್‌ಐಟಿ ರಚಿಸಬೇಕಾಯಿತು. ಬೇರೆಲ್ಲೋ ಬಿದ್ದವನಿಗೆ ಯಾವುದೋ ಲಾರಿ ನಂಬರ್ ಅಂಟಿಸೋ ದಂಧೆ ಸುಳ್ಳಲ್ಲ. ಆದರೆ ಆ ದಂಧೆ ಬೆಳೆಯೋದು ದಾಖಲೆ ಹಾಳಾಗಿರೋ ಕಡೆ. ವೇಳೆ, ಹೇಳಿದವರ ಹೆಸರು, ಸಂಬಂಧ ಎಲ್ಲ ಮೊದಲ ಪುಟದಲ್ಲೇ ಇದ್ದರೆ ನಕಲಿ ಕೇಸಿಗೂ ಕಷ್ಟ, ನಿಜವಾದವನಿಗೆ ರಕ್ಷಣೆ. ಕಳ್ಳರ ನೆಪ ಹೇಳಿ ಪ್ರಾಮಾಣಿಕರ ಫೈಲನ್ನು ಬೀರುವಿನಲ್ಲಿಟ್ಟು ಬೀಗ ಹಾಕೋದು ಯಾವ ನ್ಯಾಯ ಸ್ವಾಮಿ?

ಇದೆಲ್ಲ ಮರ ಹತ್ತುವವರ ಕಥೆ, ನಮಗೆ ಕಂಪನಿ ಇನ್ಶೂರೆನ್ಸ್ ಇದೆ ಅಂತ ಔಟರ್ ರಿಂಗ್ ರೋಡಿನಲ್ಲಿ ಸ್ಕೂಟರ್ ಓಡಿಸೋ ಗೆಳೆಯರಿಗೂ ಒಂದು ಮಾತು. ಕ್ಯಾಶ್‌ಲೆಸ್ ಕಾರ್ಡು ಆಸ್ಪತ್ರೆ ಬಿಲ್ಲು ಕಟ್ಟುತ್ತೆ ಅಷ್ಟೇ, ನಿಮ್ಮ ದುಡಿಮೆಗಲ್ಲ. ಹೆಲ್ಮೆಟ್ ಇತ್ತು, ತಲೆಗೆ ಪೆಟ್ಟು ಬಿತ್ತು, ಎರಡು ನಿಮಿಷ ಏನೂ ನೆನಪಿಲ್ಲ. ಶೀಟಿನಲ್ಲಿ ಮಾತ್ರ 'ನೋ ಎಲ್‌ಓಸಿ', ಅಂದರೆ ಪ್ರಜ್ಞೆ ತಪ್ಪಿಲ್ಲ. ಮೂರು ತಿಂಗಳಾದಮೇಲೆ ಸ್ಕ್ರೀನ್ ನೋಡಿದರೆ ತಲೆ ಸಿಡಿಯುತ್ತೆ, ಹತ್ತು ಸಾಲು ಕೋಡ್ ತಲೆಯಲ್ಲಿ ನಿಲ್ಲಲ್ಲ. ಅದು ಆ ಪೆಟ್ಟಿನಿಂದಲೇ ಆಯ್ತು ಅಂತ ಯಾವ ಕಾಗದ ಹೇಳುತ್ತೆ? 'ಆರು ವಾರ ವಿಶ್ರಾಂತಿ' ಅಂತ ಡಾಕ್ಟರ್ ಬಾಯಲ್ಲಿ ಹೇಳಿ ಕಳಿಸಿದರೆ ಆ ಆರು ವಾರದ ಸಂಬಳ ಕೇಳೋಕೆ ನಿಮ್ಮ ಹತ್ತಿರ ಆಧಾರವೇ ಇಲ್ಲ. ಅದರ ಮೇಲೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ 2022ರ ಏಪ್ರಿಲ್ 1ರಿಂದ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನೋ ಮಿತಿ ಬೇರೆ ಬಂದಿದೆ. ಅದನ್ನು ಪ್ರಶ್ನಿಸಿದವರು ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದಾರೆ. ಅದಕ್ಕೂ ಮೊದಲು ನಿಮ್ಮ ಫೈಲು ನಿಮ್ಮ ಕೈಗೆ ಬರಬೇಕಲ್ಲ?

ಆಸ್ಪತ್ರೆಗಳು ದೊಡ್ಡ ಮನಸ್ಸು ಮಾಡಿ ಕೊಡ್ತವೆ ಅಂತ ಕಾಯೋದು ಬೇಡ. ಡಿಸ್ಚಾರ್ಜ್ ದಿನ ಬಿಲ್ಲಿನ ಜೊತೆ ಇಡೀ ಕೇಸ್ ಶೀಟಿನ ಪ್ರತಿಯನ್ನು ಕೇಳದೆಯೇ ಕೊಡಬೇಕು ಅನ್ನೋದನ್ನು ರಾಜ್ಯ ಸರ್ಕಾರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಪರವಾನಗಿಯ ಷರತ್ತಾಗಿಯೇ ಹಾಕಲಿ. ಬಿಲ್ಲನ್ನು ಹತ್ತು ರೂಪಾಯಿ ಸಿರಿಂಜಿನ ಸಮೇತ ಇಪ್ಪತ್ತು ಪುಟ ಪ್ರಿಂಟ್ ಮಾಡಿಕೊಡೋರಿಗೆ ಇನ್ನೂ ನಲವತ್ತು ಪುಟ ಭಾರ ಆಗಲ್ಲ. ಅಲ್ಲೀವರೆಗೆ ಅರ್ಜಿ ಎರಡು ಪ್ರತಿ ಬರೆಯಿರಿ, ಒಂದರ ಮೇಲೆ ಸೀಲು ಮತ್ತು ವೇಳೆ ಹಾಕಿಸಿಕೊಳ್ಳಿ. 72 ಗಂಟೆ ಎಣಿಕೆ ಅಲ್ಲಿಂದ ಶುರು. ಸೀಲು ಹಾಕಲ್ಲ ಅಂದರೆ ಅವರ ಕೌಂಟರಿನ ಎದುರೇ ಅದೇ ಅರ್ಜಿಯನ್ನು ಇಮೇಲ್ ಮಾಡಿ, ಸಂಜೆ ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ, ರಸೀದಿ ಎತ್ತಿಟ್ಟುಕೊಳ್ಳಿ.