ಪಾಪ, ಬೇಕೆಂದು ಮಾಡಿದ್ದಲ್ಲ

2023ರ ಫೆಬ್ರುವರಿ 11ರಂದು ಹುಸೇನ್ ಸಾಗರದ ದಂಡೆಯಲ್ಲಿ ಭಾರತದ ಮೊದಲ ಫಾರ್ಮುಲಾ ಇ ಪಂದ್ಯ ನಡೆಯಿತು. ಕೊನೆಯ ಗೆರೆ ದಾಟಿದಾಗ ಜ್ಯಾನ್-ಎರಿಕ್ ವರ್ನ್ ಮೊದಲು, ನಿಕ್ ಕ್ಯಾಸಿಡಿ ಎರಡನೆಯವ, ಸೆಬಾಸ್ಟಿಯನ್ ಬ್ಯುಮಿ ಮೂರನೆಯವ. ಅಂತಿಮ ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ಬ್ಯುಮಿ 15ನೆಯವ. ಕಾರು ಅನುಮತಿಸಿದ್ದಕ್ಕಿಂತ ಹೆಚ್ಚು ಪವರ್ ಬಳಸಿತೆಂದು ಅವನ ಒಟ್ಟು ಸಮಯಕ್ಕೆ 17 ಸೆಕೆಂಡು ಸೇರಿಸಿದ್ದರು. ಮೂರನೇ ಸ್ಥಾನ ಆಂಟೋನಿಯೋ ಫೆಲಿಕ್ಸ್ ಡ ಕೋಸ್ಟಾನ ಪಾಲಾಯಿತು.

ಈ ಊರಿನಲ್ಲಿ ರೇಸಿನ ಮಾತು ಬಂದಾಗಲೆಲ್ಲ ಇದೂ ಬರುತ್ತದೆ. ಗಚ್ಚಿಬೌಲಿಯ ಟೀ ಅಂಗಡಿಯ ಮುಂದೆ ನಿಂತ ನಮ್ಮವರಲ್ಲಿ ಹತ್ತಕ್ಕೆ ಎಂಟು ಮಂದಿ ಹೇಳುವುದು ಒಂದೇ: 'ಪಾಪ, ಅವನೇನು ಬೇಕೆಂದು ಮಾಡಿದನೇ? ಸಾಫ್ಟ್‌ವೇರ್ ಎಡವಿರುತ್ತದೆ, ಅದಕ್ಕೆ ಮನುಷ್ಯನನ್ನು ಹನ್ನೆರಡು ಮೆಟ್ಟಿಲು ಕೆಳಗೆ ತಳ್ಳುವುದೇ?' ನನ್ನ ಜಗಳ ಈ 'ಪಾಪ'ದ ಜೊತೆ. ಬ್ಯುಮಿಗೆ ಸಿಕ್ಕ ಶಿಕ್ಷೆ ಸರಿ ಎಂದೇ ನನ್ನ ವಾದ. ಅಷ್ಟೇ ಅಲ್ಲ, ಇಂಥ ಕಡೆ ನಮಗೆ ಹುಟ್ಟುವ ಕನಿಕರ ನಾಲ್ಕನೆಯವನಾಗಿ ಗೆರೆ ದಾಟಿದವನಿಗೆ ಮಾಡುವ ಅನ್ಯಾಯ.

ಮೊದಲು ಆಟ ಏನೆಂದು ನೋಡೋಣ. ಫಾರ್ಮುಲಾ ಇ ಎಂದರೆ ಸದ್ದಿಲ್ಲದ ಫಾರ್ಮುಲಾ ಒನ್ ಎಂದು ಹಲವರ ಎಣಿಕೆ. ಹಾಗಲ್ಲ. ಇಲ್ಲಿ ಎಲ್ಲ ಕಾರುಗಳಿಗೂ ಪಂದ್ಯಕ್ಕೆಂದು ಬಳಸಲು ಸಿಗುವ ವಿದ್ಯುತ್ತು ಒಂದೇ ಅಳತೆಯದು, ರೇಷನ್ ಅಂಗಡಿಯ ಅಕ್ಕಿಯ ಹಾಗೆ. ಆ ವರ್ಷದ ಕಾರುಗಳಿಗೆ ಪಂದ್ಯದ ಹೊತ್ತು 300 ಕಿಲೋವ್ಯಾಟ್ ಮಿತಿ. ಅಟ್ಯಾಕ್ ಮೋಡ್ ಎಂಬುದೊಂದಿದೆ, ಅದರಲ್ಲಿ 350. ಆ ಹೆಚ್ಚುವರಿ 50 ಕೂಡ ಬಿಟ್ಟಿ ಅಲ್ಲ. ತಿರುವಿನಲ್ಲಿ ಒಳ್ಳೆಯ ದಾರಿ ಬಿಟ್ಟು ಹೊರಗೆ ಗುರುತು ಹಾಕಿದ ಜಾಗದ ಮೇಲೆ ಹಾಯಬೇಕು, ಆ ಹೊತ್ತಿನಲ್ಲಿ ಹಿಂದಿನವನು ಮುಂದೆ ಹೋದರೆ ಹೋದ. ಅಂದರೆ ಪವರ್‌ಗೆ ಬೆಲೆ ಕಟ್ಟಿಯೇ ಈ ಆಟ ನಿಂತಿದೆ. ಹೈದರಾಬಾದಿನಲ್ಲಿ ವರ್ನ್ ಗೆದ್ದದ್ದೂ ಹಾಗೆಯೇ. ಬ್ಯಾಟರಿಯಲ್ಲಿ ತನಗಿಂತ ಹೆಚ್ಚು ಉಳಿಸಿಕೊಂಡಿದ್ದ ಕ್ಯಾಸಿಡಿಯನ್ನು ಕೊನೆಯ ಸುತ್ತುಗಳಲ್ಲಿ ಹಿಂದೆಯೇ ಹಿಡಿದಿಟ್ಟು, ಅರ್ಧ ಸೆಕೆಂಡಿಗೂ ಕಡಿಮೆ ಅಂತರದಲ್ಲಿ. ಇಂಥ ಆಟದಲ್ಲಿ ಒಂದು ಕಾರು ಮಿತಿ ಮೀರಿ ಪವರ್ ಎಳೆಯಿತು ಎಂದರೆ ಅದು ಸಣ್ಣ ತಾಂತ್ರಿಕ ಚ್ಯುತಿಯಲ್ಲ. ಓಟದ ಸ್ಪರ್ಧೆಯಲ್ಲಿ ಒಬ್ಬನಿಗೆ ಎರಡು ಮೀಟರ್ ಕಡಿಮೆ ಓಡಿಸಿದ ಹಾಗೆ.

'ಬೇಕೆಂದು ಮಾಡಲಿಲ್ಲ' ಎಂಬುದು ನಿಜವೇ ಇರಬಹುದು. ಆದರೆ ಮನಸ್ಸಿನಲ್ಲಿ ಏನಿತ್ತು ಎಂದು ಅಳೆಯುವ ಸೆನ್ಸರ್ ಯಾವ ಕಾರಿನಲ್ಲೂ ಇಲ್ಲ. ಪವರ್ ಅಳೆಯುವ ಸೆನ್ಸರ್ ಇದೆ. ಉದ್ದೇಶ ನೋಡಿ ಶಿಕ್ಷೆ ಕೊಡುತ್ತೇವೆ ಎಂದು ಹೊರಟರೆ ಪ್ರತಿ ತಂಡವೂ ಮರುದಿನದಿಂದಲೇ 'ಬೇಕೆಂದು ಮಾಡದ' ತಪ್ಪುಗಳನ್ನು ಬಹಳ ಎಚ್ಚರದಿಂದ ಮಾಡತೊಡಗುತ್ತದೆ. ಕೋಡ್ ಬರೆಯಿಸಿ ಬದುಕುವ ನಮಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಯಾವುದನ್ನು ಅಳೆಯುವುದಿಲ್ಲವೋ ಅಲ್ಲೇ ಎಲ್ಲರ ಕೈಚಳಕ.

2017ರ ಡಿಸೆಂಬರ್ 3ರಂದು ಹಾಂಗ್‌ಕಾಂಗ್‌ನಲ್ಲಿ ಡೇನಿಯಲ್ ಆಬ್ಟ್ ಗೆದ್ದ. ಅಂದು ಅವನ 25ನೇ ಹುಟ್ಟುಹಬ್ಬ ಬೇರೆ. ಗೆಲುವು ಕೆಲವೇ ಗಂಟೆ ಬಾಳಿತು. ಕಾರಿನ ಕೆಲವು ಭಾಗಗಳ ಮೇಲಿದ್ದ ಭದ್ರತಾ ಸ್ಟಿಕ್ಕರುಗಳ ಸಂಖ್ಯೆ ಕಾರಿನ ತಾಂತ್ರಿಕ ದಾಖಲೆಯೊಂದಿಗೆ ತಾಳೆಯಾಗಲಿಲ್ಲ, ಅನರ್ಹ. ಭಾಗಗಳೆಲ್ಲ ನಿಯಮಬದ್ಧವೇ, ಬರವಣಿಗೆಯಲ್ಲಷ್ಟೇ ಎಡವಟ್ಟು ಎಂಬುದು ತಂಡದ ಸಮಜಾಯಿಷಿ. ಗೆಲುವು ಫೆಲಿಕ್ಸ್ ರೋಸೆನ್‌ಕ್ವಿಸ್ಟ್‌ಗೆ ಹೋಯಿತು. ಕ್ರೂರ ಅನಿಸುತ್ತದೆ, ಒಪ್ಪುತ್ತೇನೆ. ಆದರೆ ಸ್ಟಿಕ್ಕರ್ ಇರುವುದೇ ಬಿಚ್ಚಿ ನೋಡದೆ ನಂಬುವುದಕ್ಕಾಗಿ. ತಾಳೆಯಾಗದ ಸ್ಟಿಕ್ಕರನ್ನೂ ನಂಬಿ ಎಂದರೆ ಅಂಟಿಸಿದ್ದಾದರೂ ಏಕೆ?

ಕನಿಕರವನ್ನೇ ನಿಯಮವಾಗಿಸಿದರೆ ಹೇಗಿರುತ್ತದೆ ಎಂಬುದಕ್ಕೂ ಇದೇ ಆಟದಲ್ಲಿ ಉದಾಹರಣೆ ಇದೆ. 2014ರಲ್ಲಿ ಶುರುವಾದಾಗಿನಿಂದ 2022ರವರೆಗೆ ಫ್ಯಾನ್‌ಬೂಸ್ಟ್ ಎಂಬ ಏರ್ಪಾಟಿತ್ತು. ಅಭಿಮಾನಿಗಳು ವೋಟು ಹಾಕಬೇಕು, ಹೆಚ್ಚು ವೋಟು ಬಿದ್ದ ಕೆಲವು ಚಾಲಕರಿಗೆ ಪಂದ್ಯದ ನಡುವೆ ಹೆಚ್ಚುವರಿ ಪವರ್. ನಮ್ಮ ಟಿವಿಯ ಹಾಡಿನ ಸ್ಪರ್ಧೆಗಳ ಎಸ್ಸೆಮ್ಮೆಸ್ ವೋಟೇ ಚಕ್ರ ಕಟ್ಟಿಕೊಂಡು ಬಂದಂತೆ. ಹೈದರಾಬಾದಿಗೆ ಬರುವ ಹೊತ್ತಿಗೆ ಅದನ್ನು ಕೈಬಿಟ್ಟಿದ್ದರು, ನಮ್ಮ ಪುಣ್ಯ. ಇದ್ದಿದ್ದರೆ ನಾವು ಮಹೀಂದ್ರಾ ತಂಡಕ್ಕೆ ಕುಟುಂಬ ಸಮೇತ ವೋಟು ಒತ್ತಿ, ಅದನ್ನೇ ದೇಶಪ್ರೇಮ ಎಂದು ಕರೆದುಕೊಳ್ಳುತ್ತಿದ್ದೆವು.

ಎದುರಾಳಿಗಳ ಬತ್ತಳಿಕೆಯಲ್ಲಿ ಗಟ್ಟಿಯಾದ ಬಾಣವೊಂದಿದೆ. 17 ಸೆಕೆಂಡು ಎಂಬ ಶಿಕ್ಷೆಗೆ ತೂಕವೇ ಇಲ್ಲ ಎಂಬುದು. ಕಾರುಗಳು ದೂರ ದೂರ ಚದುರಿದ್ದ ಪಂದ್ಯದಲ್ಲಿ ಅದೇ 17 ಸೆಕೆಂಡಿಗೆ ಎರಡು ಮೂರು ಸ್ಥಾನ ಹೋಗುತ್ತಿತ್ತು. ಒತ್ತಾಗಿದ್ದ ಹೈದರಾಬಾದಿನಲ್ಲಿ ಹನ್ನೆರಡು ಹೋಯಿತು. ಮಾತು ನಿಜ. ಕೊನೆಯಲ್ಲಿ ಹೀಗೆ ಸೇರಿಸುವ ಬೆಸ ಬೆಸ ಸಂಖ್ಯೆಗಳು ಸಾಮಾನ್ಯವಾಗಿ ಡ್ರೈವ್-ಥ್ರೂ ಎಂಬ ಶಿಕ್ಷೆಯಿಂದ ಬರುತ್ತವೆ. ಪಂದ್ಯ ನಡೆಯುತ್ತಿದ್ದಾಗಲೇ ಆಗಿದ್ದರೆ ಕಾರನ್ನು ಪಿಟ್ ಲೇನಿನೊಳಗೆ ನಿಧಾನವಾಗಿ ಹಾಯಿಸುತ್ತಾರೆ. ಮುಗಿದ ಮೇಲೆ ಅದು ಆಗದ ಕಾರಣ ಅದಕ್ಕೆ ಹಿಡಿಯುತ್ತಿದ್ದ ಸಮಯವನ್ನು ಕೂಡಿಸುತ್ತಾರೆ. ಶಿಕ್ಷೆ ಕಾಲದ ಲೆಕ್ಕದಲ್ಲಿದೆ, ಸ್ಥಾನದ ಲೆಕ್ಕದಲ್ಲಿಲ್ಲ. ಸ್ಥಾನದ ಲೆಕ್ಕ ಬೇಕು ಎನ್ನುವವರು ಸೀಸನ್ ಶುರುವಾಗುವ ಮೊದಲು ಕೇಳಬೇಕು. ಬ್ಯುಮಿಯ ಮುಖ ನೋಡಿದ ಮೇಲೆ ಅಲ್ಲ.

ಕೆಟ್ಟ ನಿಯಮವನ್ನು ಏನು ಮಾಡಬೇಕು ಎಂಬುದಕ್ಕೆ 2021ರ ಎರಡು ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಏಪ್ರಿಲ್ 24, ವೆಲೆನ್ಸಿಯಾ, ಫಾರ್ಮುಲಾ ಇ. ಮಳೆ, ಮೇಲಿಂದ ಮೇಲೆ ಸೇಫ್ಟಿ ಕಾರ್. ಸೇಫ್ಟಿ ಕಾರ್ ಬಂದಷ್ಟು ಹೊತ್ತಿಗೆ ಎಲ್ಲರ ವಿದ್ಯುತ್ ಪಾಲನ್ನು ಕಡಿತ ಮಾಡಬೇಕೆಂದು ಆಗಿನ ನಿಯಮ, ಮಾಡಿದರು. ಸಮಯ ಮುಗಿಯಲು ಕೆಲವೇ ಸೆಕೆಂಡು ಇರುವಾಗ ಮುಂಚೂಣಿಯಲ್ಲಿದ್ದ ಡ ಕೋಸ್ಟಾ ಗೆರೆ ದಾಟಿಬಿಟ್ಟ, ಹಾಗಾಗಿ ಇನ್ನೊಂದು ಪೂರ್ತಿ ಸುತ್ತು ಓಡಲೇಬೇಕಾಯಿತು. ಆ ಸುತ್ತಿನಲ್ಲಿ ಕಾರುಗಳು ಒಂದರ ಹಿಂದೊಂದು ಚಾರ್ಜ್ ಮುಗಿದ ಮೊಬೈಲಿನಂತೆ ಸತ್ತು ನಿಂತವು. ನಿಕ್ ಡಿ ವ್ರೀಸ್ ಗೆದ್ದ. ಜಗತ್ತು ನಕ್ಕಿತು. ಆದರೂ ಫಲಿತಾಂಶ ನಿಂತಿತು, ಏಕೆಂದರೆ ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು, ಎಲ್ಲರಿಗೂ ಒಂದೇ ಆಗಿತ್ತು. ಮರುವರ್ಷ ವಿದ್ಯುತ್ ಕಡಿತ ಬಿಟ್ಟು ಸಮಯ ಸೇರಿಸುವ ಪದ್ಧತಿ ತಂದರು, ಅದರ ಮರುವರ್ಷ ಸುತ್ತು ಸೇರಿಸುವುದು.

ಇನ್ನೊಂದು, ಡಿಸೆಂಬರ್ 12, ಅಬುಧಾಬಿ, ಫಾರ್ಮುಲಾ ಒನ್. ಹ್ಯಾಮಿಲ್ಟನ್ ಮತ್ತು ವರ್ಸ್ಟಾಪನ್ ನಡುವೆ ಒಂದು ಸುತ್ತು ಹಿಂದುಳಿದ ಐದು ಕಾರುಗಳಿದ್ದವು. ಸೇಫ್ಟಿ ಕಾರಿನ ಹಿಂದೆ ಸಾಗುತ್ತಿದ್ದಾಗ ರೇಸ್ ಡೈರೆಕ್ಟರ್ ಮೈಕೆಲ್ ಮಾಸಿ ಆ ಐದನ್ನು ಮಾತ್ರ ಮುಂದೆ ಬಿಟ್ಟು, ಉಳಿದ ಹಿಂದುಳಿದ ಕಾರುಗಳನ್ನು ಅಲ್ಲೇ ಇಟ್ಟು, ಕೊನೆಯ ಒಂದು ಸುತ್ತಿಗೆ ಪಂದ್ಯ ಶುರು ಮಾಡಿಸಿದರು. ರೋಮಾಂಚನ ಆಯಿತು, ಚಾಂಪಿಯನ್ ಬದಲಾದ. ಮರುವರ್ಷದ ಮಾರ್ಚಿನಲ್ಲಿ ಎಫ್‌ಐಎ ವರದಿಯೇ ಇದನ್ನು ಮಾನವ ದೋಷ ಎಂದಿತು. ನಿಯಮದಲ್ಲಿ 'ಯಾವುದೇ ಕಾರುಗಳು' ಎಂಬರ್ಥದ ಮಾತಿದ್ದ ಕಡೆ 'ಎಲ್ಲ ಕಾರುಗಳು' ಎಂದು ತಿದ್ದಿದರು. ನನ್ನ ಮಟ್ಟಿಗೆ ವೆಲೆನ್ಸಿಯಾ ಬರೀ ಮೂರ್ಖತನ. ಅನ್ಯಾಯ ನಡೆದದ್ದು ಅಬುಧಾಬಿಯಲ್ಲಿ. ನೋಡಲು ಚೆನ್ನಾಗಿತ್ತು ಎಂಬುದು ಅದನ್ನು ಇನ್ನಷ್ಟು ಹದಗೆಡಿಸುತ್ತದೆ.

ನಮ್ಮ ಕಸುಬಿನವರಿಗೆ ಅಬುಧಾಬಿ ದೂರದ್ದಲ್ಲ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಏಪ್ರಿಲ್‌ನಲ್ಲಿ ಗುರಿ ಹೇಳಿ, ವರ್ಷ ಪೂರ್ತಿ ದುಡಿಸಿ, ಫೆಬ್ರುವರಿಯಲ್ಲಿ ರೇಟಿಂಗಿನ ಮಾನದಂಡ ಬದಲಿಸಿದರು. ಕಲಬುರಗಿ ಕಡೆಯ ಹುಡುಗಿಯೊಬ್ಬಳು ಏಪ್ರಿಲ್‌ನ ಕಾಗದ ಎತ್ತಿಕೊಂಡು ಬಂದು, 'ಸರ್, ಇದ್ರಾಗ ಬರದಿದ್ದೆಲ್ಲಾ ಮಾಡೀನಲ್ರಿ' ಎಂದಳು. ಮಾಡಿದ್ದಳು. ಅಂದು ಅವಳಿಗೆ ಬೇಕಿದ್ದದ್ದು 'ಪಾಪ' ಎನ್ನುವವರಲ್ಲ, ಏಪ್ರಿಲ್‌ನ ಕಾಗದವನ್ನು ಫೆಬ್ರುವರಿಯಲ್ಲೂ ಕಾಗದ ಎಂದು ಒಪ್ಪುವ ಒಬ್ಬ ಮನುಷ್ಯ.

ಕಟ್ಟುನಿಟ್ಟು ಬೇಕು ಎನ್ನುವವನು ತಕರಾರನ್ನೂ ಹೇಳಬೇಕಲ್ಲ. ಸ್ಟುವರ್ಡ್‌ಗಳ ತೀರ್ಪು ಬರುತ್ತದೆ, ಗ್ರಾಫ್ ಬರುವುದಿಲ್ಲ. ಯಾವ ಸುತ್ತಿನಲ್ಲಿ, ಎಷ್ಟು ಹೊತ್ತು, ಎಷ್ಟು ಕಿಲೋವ್ಯಾಟ್ ಹೆಚ್ಚಾಯಿತು ಎಂಬ ಗೆರೆಯನ್ನು ಟಿಕೆಟ್ ಕೊಂಡವನಿಗೆ ತೋರಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಇಪ್ಪತ್ತೆರಡು ಕಾರುಗಳ ಬಗ್ಗೆ ಕಿಲೋವ್ಯಾಟಿನವರೆಗೆ ನಿಯಮ ಬರೆದವರು ಈ ನಗರದ ಬಗ್ಗೆ ಬರೆದದ್ದಂತೂ ಅಷ್ಟಕ್ಕಷ್ಟೆ. ಎನ್‌ಟಿಆರ್ ಮಾರ್ಗ, ಸಚಿವಾಲಯದ ಸುತ್ತಮುತ್ತ ರಸ್ತೆ ಮುಚ್ಚಿದ ದಿನಗಳನ್ನು ಆ ದಾರಿಯ ಬಸ್ಸಿನಲ್ಲಿ ಓಡಾಡುವವರನ್ನು ಕೇಳಿ. ಪಂದ್ಯದ ಹಿಂದಿನ ದಿನ ಊರಿನ ಮಾಮೂಲಿ ವಾಹನಗಳು ಟ್ರ್ಯಾಕಿನೊಳಗೇ ನುಗ್ಗಿದ್ದವು. ದಾರಿ ಯಾವುದು, ಯಾವಾಗ ಮುಚ್ಚುತ್ತದೆ ಎಂದು ಸರಿಯಾಗಿ ಹೇಳದಿದ್ದರೆ ಇನ್ನೇನಾಗುತ್ತದೆ? ಎರಡನೇ ಪಂದ್ಯ 2024ರ ಫೆಬ್ರುವರಿ 10ಕ್ಕೆ ನಿಗದಿಯಾಗಿತ್ತು. 2023ರ ಅಕ್ಟೋಬರ್ 30ರಂದು ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಡಿಸೆಂಬರಿನಲ್ಲಿ ಸರ್ಕಾರ ಬದಲಾಯಿತು, ಜನವರಿ 5ಕ್ಕೆ ಪಂದ್ಯ ರದ್ದು ಎಂಬ ಪ್ರಕಟಣೆ. ಹಣ ಪಾವತಿಯ ಬಗ್ಗೆ ಆಮೇಲೆ ದಾಖಲಾದ ಪ್ರಕರಣದಲ್ಲಿ ಯಾರದು ಸರಿ ಎಂಬುದು ಕೋರ್ಟಿನ ಕೆಲಸ, ನನ್ನದಲ್ಲ.

ಈ ಹೊತ್ತಿಗೆ ಯಾರಾದರೂ, 'ಬಿಡಿ ಮಾರಾಯ್ರೆ, ಈ ವಿದೇಶಿ ಕಾರುಗಳ ತಂಟೆ ಯಾಕೆ? ನಮ್ಮ ಶ್ರೀನಿವಾಸ ಗೌಡ್ರು ಬೋಲ್ಟನ್ನೇ ಸೋಲಿಸಿದ್ದಾರೆ' ಎನ್ನುತ್ತಾರೆ. ನಾನು ಕಾರ್ಕಳದವನು, ಮಿಯ್ಯಾರಿನ ಲವ-ಕುಶ ಜೋಡುಕರೆಯ ಬದಿಯಲ್ಲಿ ರಾತ್ರಿಯಿಡೀ ನಿಂತವನು. ಹಾಗಾಗಿ ಇದಕ್ಕೂ ಉತ್ತರ ಕೊಡಲೇಬೇಕು. 2020ರ ಫೆಬ್ರುವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದರು. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಅಥ್ಲೆಟಿಕ್ಸ್‌ನಲ್ಲಿ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ದಾಖಲೆಯೇ ಆಗುವುದಿಲ್ಲ. ಇಲ್ಲಿ ಮುಂದೆ ಎರಡು ಕೋಣಗಳು ಎಳೆಯುತ್ತಿವೆ! ಗೌಡರು ತಾವೇ ಕೋಣಗಳಿಗೆ ಶ್ರೇಯ ಕೊಟ್ಟು, ಕರೆ ಬಂದರೂ ಟ್ರಯಲ್‌ಗೆ ಹೋಗದೆ ಉಳಿದರು. ಅವರಿಗಿದ್ದ ತಿಳಿವಳಿಕೆ ಫಾರ್ವರ್ಡ್ ಮಾಡಿದವರಿಗೆ ಇರಲಿಲ್ಲ. ಬೋಲ್ಟ್ ಹಾಗಿರಲಿ, ಒಂದು ಕಂಬಳದ ಸಮಯವನ್ನು ಇನ್ನೊಂದು ಕಂಬಳದ ಜೊತೆಯೇ ಹೋಲಿಸಲಾಗದು. ಕರೆಯ ಉದ್ದ ಊರಿಗೊಂದು, ನೀರು, ಕೆಸರು ಊರಿಗೊಂದು.

ಇನ್ನು ಬೆತ್ತದ ವಿಷಯ. ಫಾರ್ಮುಲಾ ಇ ಕಾರಿಗೆ ಕಿಲೋವ್ಯಾಟ್ ಹೇಗೋ ಕಂಬಳದ ಕೋಣಕ್ಕೆ ಬೆತ್ತ ಹಾಗೆ. ಮಿತಿ ಮೀರಿದವನಿಗೆ ಕ್ಷಣಕಾಲ ಹೆಚ್ಚು ವೇಗ, ಮೀರದವನಿಗೆ ಸೋಲು. ಕೋಣಗಳಿಗೆ ಅನಗತ್ಯ ನೋವು ಕೊಡಬಾರದು ಎಂಬ ಷರತ್ತಿನ ಮೇಲೆಯೇ ಕರ್ನಾಟಕದ ತಿದ್ದುಪಡಿ ಕಂಬಳಕ್ಕೆ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಕಾನೂನನ್ನು ಎತ್ತಿ ಹಿಡಿಯುವಾಗ, ಅದನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ನೋಡಿಕೊಳ್ಳುವ ಹೊಣೆಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟರ ಹೆಗಲಿಗೆ ಹಾಕಿತು. ಸಂಪ್ರದಾಯ, ಭಾವನೆ, ತುಳುನಾಡಿನ ಹೆಮ್ಮೆ ಎಲ್ಲ ಇದ್ದರೂ ಕಂಬಳ ಉಳಿದಿರುವುದು ಬರೆದಿಟ್ಟ ಒಂದು ಷರತ್ತಿನ ಬಲದಿಂದ. ಹಾಗಿರುವಾಗ ಗಂತಿನ ಬಳಿ ಬೆತ್ತ ಜೋರಾದರೆ 'ಪಾಪ, ಹುಡುಗ ಹುಮ್ಮಸ್ಸಿನಲ್ಲಿದ್ದ' ಎಂದು ಬಿಟ್ಟುಬಿಡುವುದು ಯಾರಿಗೆ ಉಪಕಾರ? ಕೈ ಬಿಗಿ ಹಿಡಿದು ಓಡಿಸಿದ ಪಕ್ಕದ ಕರೆಯವನಿಗಂತೂ ಅಲ್ಲ.

ಲೇಸರ್ ಗೆರೆ, ಫೋಟೊ ಫಿನಿಶ್ ಈಗಾಗಲೇ ಮಂಜೊಟ್ಟಿಗೆ ಬಂದಿವೆ. ಮಿಲಿಸೆಕೆಂಡು ಅಳೆಯುವ ಕ್ಯಾಮೆರಾ ಇಟ್ಟವರಿಗೆ ಬೆತ್ತ ಎಷ್ಟು ಸಲ ಬಿತ್ತು ಎಂದು ನೋಡುವ ಕ್ಯಾಮೆರಾ ಇಡುವುದು ಕಷ್ಟವಲ್ಲ. ಮಿತಿ ಮೀರಿದ ಜೋಡಿಗೆ ಸಮಯದಲ್ಲಿ ಇಷ್ಟು ಸೇರಿಸುತ್ತೇವೆ ಎಂದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಲಿ, ಪಕ್ಕದಲ್ಲಿ ಆ ಕರೆಯ ಉದ್ದವನ್ನೂ. ಯಜಮಾನರು ಯಾವ ಗುತ್ತಿನವರೇ ಆಗಲಿ, ಸಂಜೆ ಪದಕ ಕೊಡುವ ಮುನ್ನ ಆ ವಿಡಿಯೊವನ್ನು ಗದ್ದೆಯ ಬದಿಯ ದೊಡ್ಡ ಪರದೆಯ ಮೇಲೆ ಎಲ್ಲರಿಗೂ ಹಾಕಿ ತೋರಿಸಲಿ.