ತುಂಬಿದ್ದೆಲ್ಲ ಗಲೀಜಲ್ಲ ಕಣ್ರವ್ವ

ಈಗಿನ ಲಗ್ನಪತ್ರಿಕೆ ನೋಡೀರೇನ್ರಿ? ಬಿಳಿ ಹಾಳಿ, ಮೂಲ್ಯಾಗೆ ಒಂದೆಳೆ ಬಳ್ಳಿ, ಕನ್ನಡಕ ಹಾಕ್ಕೊಂಡ್ರೂ ಕಾಣದಂಥ ಅಕ್ಷರ. ಕೇಳಿದ್ರೆ "ಸಿಂಪಲ್ ಐತಿ ಅತ್ತೆ, ಡೀಸೆಂಟ್ ಐತಿ" ಅಂತಾರೆ. ಬಣ್ಣ ತುಂಬಿದ್ರೆ ಗಲೀಜಂತೆ. ಈ ಮಾತು ನಾನು ಒಪ್ಪೋದಿಲ್ಲ. ಅವರು ಗಲೀಜು ಅನ್ನೋದು ನಮ್ಮವ್ವ, ನಮ್ಮತ್ತೆ ಕಣ್ಣು ಸವೆಸಿ ಮಾಡಿದ ಕೆಲಸಾನ.

ಧಾರವಾಡದ ಕಡೆ ಇಳಕಲ್ ಸೀರಿ ಮ್ಯಾಲಿನ ಕಸೂತಿ ನೋಡ್ರಿ. ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ, ಎಲ್ಲಾ ಒಂದೇ ಸೆರಗಿನಾಗೆ. ಪೆನ್ಸಿಲಿಂದ ಬರ್ಕೊಂಡು ಹಾಕೋದಲ್ಲ ಅದು, ಬಟ್ಟೆ ಎಳೆ ಎಣಿಸಿ ಹಾಕೋದು. ಗಂಟು ಹಾಕಂಗಿಲ್ಲ. ಗವಂತಿ ಹೊಲಿಗೆ ಒಳಗೂ ಹೊರಗೂ ಒಂದೇ ತರ ಕಾಣಬೇಕು. ಒಂದೆಳೆ ತಪ್ಪಿದ್ರೆ ಗೋಪುರಾನೇ ವಾಲ್ತತಿ. ಇಷ್ಟು ಲೆಕ್ಕ ಇರೋದು ಗಲೀಜು ಹೆಂಗಾಗ್ತತಿ?

ದೂರ ಯಾಕ, ಹರಿಹರಕ್ಕೇ ಹೋಗ್ರಿ. 1224ರಾಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಒಂದೇ ಮೂರ್ತಿಯೊಳಗೆ ಬಲಕ್ಕೆ ಹರ, ಎಡಕ್ಕೆ ಹರಿ. ಒಬ್ಬರನ್ನ ತೆಗೀರಿ, ಜಾಗ ಖಾಲಿ ಇದ್ರೆ ಚಂದ ಅಂತ ಯಾರಾದ್ರೂ ಅಂದಾರಾ?

ಹಂಗಂತ ಪಿ.ಬಿ. ರಸ್ತೆ ಫ್ಲೆಕ್ಸಿನ ಪರ ಅಲ್ಲ ನಾನು. ಇಪ್ಪತ್ತು ಮುಖ, ಹತ್ತು ತರ ಅಕ್ಷರ. ತುಂಬೋದು ಬೇರೆ, ತುರುಕೋದು ಬೇರೆ ರೀ. ಆ ಫ್ಲೆಕ್ಸು ಬಂದ ಮ್ಯಾಲೆ ಬ್ರಷ್ಷು ಹಿಡಿದು ಅಂಗಡಿ ಬೋರ್ಡು ಬರೆಯೋರ ಹೊಟ್ಟಿ ಮ್ಯಾಲೆ ಕಲ್ಲು ಬಿತ್ತು.

ಇನ್ನೊಂದು ತಮಾಷೆ. ಡಿಸೈನ್ ಕಲಿತ ಹುಡುಗರು ಈಗ ತುಂಬಿದ ಕೆಲಸಕ್ಕೆ ಮ್ಯಾಕ್ಸಿಮಲಿಸಂ ಅಂತ ಹೆಸರಿಟ್ಟಾರೆ. ಕೈಯಾಗೆ ಮಾಡಿದಂಗೆ ಕಾಣ್ಲಿ ಅಂತ ಕಂಪ್ಯೂಟರಿನಾಗೆ ಟೆಕ್ಸ್ಚರ್ ಕೊಂಡ್ಕೊತಾರೆ! ಪತ್ರಿಕೆ ಮೂಲೆಗೆ ಅರಿಶಿನಾನೂ ಅಚ್ಚು ಹಾಕ್ಸಿ ಕೊಡ್ತಾರೆ. ನಾಲ್ಕು ಮಂದಿ ಕುಂತು, ಮಾತಾಡ್ಕೋತ ಬೆರಳಿಂದ ಅರಿಶಿನ ಹಚ್ಚಿದ್ರೆ ಒಂದರಂಗೆ ಇನ್ನೊಂದು ಇರೋದಿಲ್ಲ. ಅದಕ್ಕೇ ಅಲ್ವೇನ್ರಿ ಅದು ಮನಿ ಪತ್ರಿಕೆ ಅನ್ಸೋದು?

ಕೊಳ್ಳೋದ್ಯಾಕ? ಬೆಂಡೆಕಾಯಿ ಅಡ್ಡ ಕೊಯ್ದು ಕುಂಕುಮದ ನೀರಿನಾಗೆ ಅದ್ದಿ ಹಾಳಿ ಮ್ಯಾಲೆ ಒತ್ರಿ, ಹೂವು ಬೀಳ್ತತಿ. ಫೋನಿನಾಗೆ ಫೋಟೋ ಹೊಡೀರಿ, ಪ್ರೆಸ್ಸಿನೋರಿಗೆ ಕಳ್ಸ್ರಿ.

ನಮ್ಮಣ್ಣನ ಮಗಳ ಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ. ನಮ್ಮವ್ವ ಹಳೇ ಸೀರಿ ತುಂಡು ಕೂಡಿಸಿ ಹೊಲಿದ ಕೌದಿ ಕಳ್ಸೀನಿ, ಇದರ ಫೋಟೋ ತೆಗೆದು ಸುತ್ತ ಅಂಚು ಮಾಡು ಅಂತ. ಅಕ್ಷರಾನೂ ದಪ್ಪ ಇರ್ಲಿ ಅಂದೀನಿ.