ಊಟದ ಭತ್ಯೆಗೆ ಕೋರ್ಟಿಗೆ ಹೋದವರು 1707 ಪಂದ್ಯ ಗೆಲ್ಲಿಸಿದರು

ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನಲ್ಲಿ 1707 ಪಂದ್ಯ ಗೆಲ್ಲಿಸಿ 2022ರಲ್ಲಿ ನಿವೃತ್ತರಾದ ಕೋಚ್ ಕೆರೊಲ್ ಹಚಿನ್ಸ್. ಈಕೆಯ ಹೆಸರು ದೊಡ್ಡದಾಗಿ ಮೊದಲು ಕಾಣಿಸಿಕೊಂಡದ್ದು ಮಾತ್ರ ಕೋರ್ಟಿನ ಕಡತದಲ್ಲಿ.

ಸಾಫ್ಟ್‌ಬಾಲ್ ಅಂದರೆ ಬೇಸ್‌ಬಾಲಿನ ತಂಗಿ ಅನ್ನಿ. ಚೆಂಡು ದಪ್ಪ, ಮೈದಾನ ಚಿಕ್ಕದು, ಎಸೆತ ಕೈ ಕೆಳಗಿನಿಂದ. ಹೆಸರಿನಲ್ಲಿ ಸಾಫ್ಟ್ ಇದೆ, ಚೆಂಡು ಮೆತ್ತಗಿಲ್ಲ.

1979ರಲ್ಲಿ ಹಚಿನ್ಸ್ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಆಟಗಾರ್ತಿ. ಪರ ಊರಿನ ಪಂದ್ಯಕ್ಕೆ ಹೋದರೆ ಊಟದ ಭತ್ಯೆ ಹುಡುಗರಿಗೆ ಹೆಚ್ಚು, ಹುಡುಗಿಯರಿಗೆ ಕಡಿಮೆ. ಹುಡುಗರಿಗೆ ಕೋಣೆಗೆ ಇಬ್ಬರಾದರೆ ಇವರಿಗೆ ನಾಲ್ವರು. ಅದೇ ಕಾಲೇಜು, ಅದೇ ಆಟ, ಹಸಿವೂ ಅದೇ! ಸರ್ಕಾರದ ಹಣ ಪಡೆಯುವ ಕಾಲೇಜುಗಳಲ್ಲಿ ಹೆಣ್ಣು ಗಂಡೆಂಬ ಭೇದ ಸಲ್ಲದೆಂಬ ಟೈಟಲ್ ನೈನ್ ಕಾನೂನು ಬಂದದ್ದು 1972ರಲ್ಲೇ. ಕಾಗದದಲ್ಲಿತ್ತು, ತಟ್ಟೆಗೆ ಬಂದಿರಲಿಲ್ಲ. ಆಟಗಾರ್ತಿಯರು ದಾವೆ ಹೂಡಿದರು, ಮೊಕದ್ದಮೆ ಈಕೆಯ ಹೆಸರಲ್ಲೇ ನಡೆಯಿತು. ಊಟ ವಸತಿಯಲ್ಲಿ ಭೇದ ಮಾಡಕೂಡದು ಅಂತ ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟಿತು.

1985ರಲ್ಲಿ ಪಕ್ಕದ, ಪರಮ ಎದುರಾಳಿಯಾದ ಮಿಚಿಗನ್ ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ತಂಡಕ್ಕೆ ಈಕೆ ಮುಖ್ಯ ಕೋಚ್ ಆದರು. ಆಟದ ಋತು ಶುರುವಾಗುವ ಫೆಬ್ರವರಿಯಲ್ಲಿ ಅಲ್ಲಿ ಹಿಮ. ಕ್ಯಾಲಿಫೋರ್ನಿಯಾದ ಹುಡುಗಿಯರು ಬಿಸಿಲಲ್ಲಿ ಬ್ಯಾಟ್ ಬೀಸುತ್ತಿದ್ದರೆ ಇವರದು ಸೂರಿನಡಿ ಅಭ್ಯಾಸ. ರಾಷ್ಟ್ರಮಟ್ಟದ ಅಂತಿಮ ಹಂತ, ಅಂದರೆ ಕಾಲೇಜು ವರ್ಲ್ಡ್ ಸೀರೀಸ್ ಮುಟ್ಟಲು ಹತ್ತು ವರ್ಷ ಹಿಡಿಯಿತು. ಪ್ರಶಸ್ತಿಗೆ ಇನ್ನೂ ಹತ್ತು. 2005ರ ಫೈನಲ್‌ನಲ್ಲಿ ಯುಸಿಎಲ್‌ಎ ಎದುರು ಮೊದಲ ಪಂದ್ಯ ಸೋತು, ಎರಡನೆಯದು ಗೆದ್ದು, ಮೂರನೆಯದು ಹತ್ತನೇ ಇನ್ನಿಂಗ್ಸ್‌ವರೆಗೆ ಎಳೆಯಿತು. ಮೊದಲ ವರ್ಷದ ವಿದ್ಯಾರ್ಥಿನಿ ಸಮಂತಾ ಫಿಂಡ್ಲೆ ಹೊಡೆದ ಹೋಂ ರನ್‌ಗೆ ಒಂದೇಟಿಗೆ ಮೂರು ರನ್. 4–1. ಮಿಸಿಸಿಪಿ ನದಿಯ ಪೂರ್ವದ ಕಾಲೇಜೊಂದು ಈ ಪ್ರಶಸ್ತಿ ಗೆದ್ದದ್ದು ಅದೇ ಮೊದಲು.

38 ಋತುಗಳಲ್ಲಿ ರಾಷ್ಟ್ರ ಪ್ರಶಸ್ತಿ ಒಂದೇ ತಾನೇ ಅಂತ ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಆ 38ರಲ್ಲಿ ಗೆಲುವಿಗಿಂತ ಸೋಲು ಹೆಚ್ಚಾದ ಋತು ಒಂದೂ ಇಲ್ಲ. ದಿನಾ ಬಾಗಿಲು ತೆಗೆದು ಕೂರುವ ಅಂಗಡಿಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಆದರೆ ಕಾನೂನಿನ ಇನ್ನೊಂದು ಮಗ್ಗುಲು ನೋಡಿ. 1972ರಲ್ಲಿ ಅಲ್ಲಿನ ಕಾಲೇಜು ಹುಡುಗಿಯರ ತಂಡಗಳ ಕೋಚ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಹೆಂಗಸರೇ ಇದ್ದರು. ಕಾನೂನು ಬಂತು, ದುಡ್ಡು ಬಂತು, ಸಂಬಳ ಏರಿತು. ಗಂಡಸರ ಅರ್ಜಿಗಳೂ ಬಂದವು. ಹೆಂಗಸರ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಬಿಟ್ಟಿ ಚಾಕರಿಯಂತಿದ್ದಾಗ ಬೇಡವಾಗಿದ್ದ ಕುರ್ಚಿಗೆ ಮೆತ್ತೆ ಹಾಕಿದ ಮೇಲೆ ಯಾರು ಬೇಡ ಅಂತಾರೆ? 2022ರ ಫೆಬ್ರವರಿಯಲ್ಲಿ ಹಚಿನ್ಸ್ ಮುರಿದದ್ದು ಕೂಡ ಪುರುಷ ಕೋಚ್ ಒಬ್ಬರ ದಾಖಲೆಯನ್ನೇ: ಅರಿಜೋನಾದ ಮೈಕ್ ಕ್ಯಾಂಡ್ರಿಯಾ, 1674 ಗೆಲುವು, ಎಂಟು ರಾಷ್ಟ್ರ ಪ್ರಶಸ್ತಿ. ಸಾಮಾನ್ಯರಲ್ಲ.

ಅದೇ ಆಗಸ್ಟ್‌ನಲ್ಲಿ ಹಚಿನ್ಸ್ ಕೆಲಸ ಬಿಟ್ಟರು. ಆ ಜಾಗಕ್ಕೆ ಬಂದವರು ಬಾನಿ ಥಾಲ್. ಒಮ್ಮೆ ಈಕೆಯ ಕೈಕೆಳಗೇ ಆಡಿ, ಆಮೇಲೆ ವರ್ಷಗಟ್ಟಲೆ ಸಹಾಯಕ ಕೋಚ್ ಆಗಿ ದುಡಿದ ಹೆಣ್ಣುಮಗಳು.